ಔತಣದ ನಂತರದ ಮಾತು: ಕಕ್ಕಬ್ಬೆ ಸಮೀಪದ ತೋಟದ ಮನೆಯಲ್ಲಿ ಎರಡು ಸಂಜೆ

ಕೊಡಗಿನ ಕಕ್ಕಬ್ಬೆಯಿಂದ ನಾಲ್ಕುನಾಡು ಅರಮನೆಯ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ಕಾಫಿ ತೋಟದ ನಡುವೆ ಒಂದು ಹಳೆಯ ಹೆಂಚಿನ ಮನೆಯಿದೆ. ಮಳೆಗಾಲವನ್ನು ಬಿಟ್ಟು ಉಳಿದ ತಿಂಗಳುಗಳ ಕೊನೆಯ ಶನಿವಾರ ರಾತ್ರಿ ಅಲ್ಲಿನ ದಂಪತಿ 24 ಜನರಿಗೆ ಊಟ ಹಾಕುತ್ತಾರೆ, ಊಟವಾದ ಮೇಲೆ ಮನೆಯೊಡತಿ ಸುಮಾರು ಮುಕ್ಕಾಲು ಗಂಟೆ ಒಂದು ವಿಷಯವನ್ನು ಕುರಿತು ಮಾತನಾಡುತ್ತಾರೆ. ಅವರು ಬಹಳ ವರ್ಷ ಮೈಸೂರಿನಲ್ಲಿ ಇಂಗ್ಲಿಷ್ ಸಾಹಿತ್ಯ ಪಾಠ ಮಾಡಿ, ನಿವೃತ್ತರಾದ ಮೇಲೆ ತೋಟಕ್ಕೆ ಮರಳಿದವರು. ತಾವು ವಾಸಿಸುವ ಮನೆಯೇ ಆದ್ದರಿಂದ ಹೆಸರು, ವಿಳಾಸ ಬರೆಯಬೇಡಿ ಎಂದು ಇಬ್ಬರೂ ಕೇಳಿಕೊಂಡಿದ್ದಾರೆ. ಕಕ್ಕಬ್ಬೆಯಲ್ಲಿ ವಿಚಾರಿಸಿದರೆ ದಾರಿ ತೋರಿಸುವವರು ಇದ್ದಾರೆ. ಈ ಸಲದ ಸರಣಿ ಅಮೆರಿಕದ ಹಾಸ್ಯ ಮತ್ತು ಅಲ್ಲಿನ ಔತಣಕೂಟಗಳ ಭಾಷಣ ಪರಂಪರೆಯನ್ನು ಕುರಿತದ್ದು. ಜನವರಿಯಲ್ಲಿ ಒಮ್ಮೆ, ಫೆಬ್ರುವರಿಯಲ್ಲಿ ಒಮ್ಮೆ ನಾನು ಹೋಗಿಬಂದೆ. ತಲೆಗೆ 1,500 ರೂಪಾಯಿ, ಊಟ, ಕಾಫಿ, ಮಾತು ಎಲ್ಲ ಸೇರಿ. ಕೊಟ್ಟ ಹಣಕ್ಕೆ ಮೋಸವಿಲ್ಲ ಎಂಬುದನ್ನು ಮೊದಲೇ ಹೇಳಿ, ಯಾಕೆ ಎಂಬುದನ್ನು ಕೆಳಗೆ ವಿವರವಾಗಿ ಬರೆಯುತ್ತೇನೆ.

ಜನವರಿಯ ಊಟದಲ್ಲಿ ಅಕ್ಕಿ ಒಟ್ಟಿ, ಕಡಂಬುಟ್ಟು, ಪಂದಿ ಕರಿ, ನೂಪುಟ್ಟು, ಕೋಳಿ ಕರಿ ಇದ್ದವು. ಮಾಂಸ ತಿನ್ನದವರಿಗೆ ಉಪ್ಪುನೀರಿನಲ್ಲಿ ಕಾಪಿಟ್ಟಿದ್ದ ಕಣಿಲೆಯ ಪಲ್ಯವನ್ನೂ ಅವರೆಕಾಳಿನ ಸಾರನ್ನೂ ಮಾಡಿದ್ದರು. ಪಂದಿ ಕರಿಯ ಮಸಾಲೆಯನ್ನು ಕಪ್ಪಾಗುವವರೆಗೆ ತಾಳ್ಮೆಯಿಂದ ಹುರಿದಿದ್ದರು, ಕಾಚಂಪುಳಿಯ ಹುಳಿ ನಾಲಗೆಗೆ ಕೊನೆಯಲ್ಲಿ ಮಾತ್ರ ತಿಳಿಯುವಷ್ಟಿತ್ತು. ಫೆಬ್ರುವರಿಯ ಕೋಳಿ ಕರಿಗೆ ಕಾಳುಮೆಣಸು ಹೆಚ್ಚಾಗಿ ಬಿದ್ದಿತ್ತು. ಮಕ್ಕಳಿದ್ದ ಒಂದು ಕುಟುಂಬ ಅದನ್ನು ಮುಟ್ಟಲಾಗದೆ ಅಕ್ಕಿ ಒಟ್ಟಿಯ ಜೊತೆಗೆ ಜೇನುತುಪ್ಪ ಕೇಳಿ ಪಡೆಯಿತು. ಊಟ ಎಂಟು ಗಂಟೆಗೆ ಆರಂಭವಾಗುತ್ತದೆ. ಒಂಬತ್ತೂಕಾಲಿನ ಹೊತ್ತಿಗೆ ತಟ್ಟೆಗಳನ್ನೆಲ್ಲ ತೆಗೆದು, ಉದ್ದನೆಯ ಮೇಜನ್ನು ಒರೆಸಿ, ಸುಲಿದ ಕಿತ್ತಳೆಯನ್ನೂ ಬೆಲ್ಲದ ಕಾಫಿಯನ್ನೂ ಇಟ್ಟು, ಅಡುಗೆಮನೆಯ ಬಾಗಿಲನ್ನು ಮುಚ್ಚಿಬಿಡುತ್ತಾರೆ. ಮಾತು ಮುಗಿಯುವವರೆಗೆ ಯಾರೂ ಏನನ್ನೂ ಬಡಿಸುವುದಿಲ್ಲ.

ಈ ಬಾಗಿಲು ಮುಚ್ಚುವ ಕ್ರಮವನ್ನು ನಾನು ವಿಶೇಷವಾಗಿ ಮೆಚ್ಚಿದೆ. ಎರಡು ವರ್ಷದ ಹಿಂದೆ ಇದೇ ಜಿಲ್ಲೆಯ ಒಂದು ದೊಡ್ಡ ರೆಸಾರ್ಟಿನಲ್ಲಿ ಹಾಸ್ಯ ಸಂಜೆಗೆಂದು ಹಣ ಕಟ್ಟಿ ಹೋಗಿದ್ದೆ. ಜನರು ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದಾಗಲೇ ಭಾಷಣ ಮಾಡಿಸಿದರು. ಚಮಚದ ಸದ್ದಿನಲ್ಲಿ ಮಾತು ಕೇಳದೆ ಧ್ವನಿವರ್ಧಕವನ್ನು ಏರಿಸಿದರು, ಅದನ್ನು ಏರಿಸಿದಷ್ಟೂ ಜನರು ತಮ್ಮತಮ್ಮಲ್ಲಿ ಇನ್ನೂ ಜೋರಾಗಿ ಮಾತನಾಡಿದರು. ಬಂದಿದ್ದ ಕಲಾವಿದರು ನಿಜಕ್ಕೂ ಒಳ್ಳೆಯ ಮಾತುಗಾರರು. ಆ ರಾತ್ರಿ ಅವರ ಮುಖದಲ್ಲಿ ಕಂಡ ಬೇಸರವನ್ನು ನಾನಿನ್ನೂ ಮರೆತಿಲ್ಲ. ಹಸಿದವರು ನಗುವುದಿಲ್ಲ, ತಿನ್ನುತ್ತಿರುವವರು ಕೇಳುವುದಿಲ್ಲ. ಅಮೆರಿಕದ ಔತಣಕೂಟದವರು ಮಾತನ್ನು ಊಟದ ನಂತರಕ್ಕೆ ಇಟ್ಟುಕೊಂಡದ್ದು ಈ ಕಾರಣಕ್ಕೇ ಎಂದು ಕಕ್ಕಬ್ಬೆಯ ಮೇಜಿನ ಮುಂದೆ ಕುಳಿತಾಗ ನನಗೆ ಮನದಟ್ಟಾಯಿತು.

ಮೊದಲ ಸಂಜೆ ಮನೆಯೊಡತಿ ಪರಂಪರೆಯ ಬೇರಿನಿಂದ ಶುರುಮಾಡಿದರು. ಗಣ್ಯರ ಹೆಸರು ಹೇಳಿ ಗ್ಲಾಸು ಎತ್ತಿ ಹಾರೈಸುವ ‘ಟೋಸ್ಟ್’ ಇಂಗ್ಲೆಂಡಿನಿಂದ ಬಂದ ರೂಢಿ. ಹಿಂದೆ ಮದ್ಯದಲ್ಲಿ ಸುಟ್ಟ ರೊಟ್ಟಿಯ ಚೂರನ್ನು ಅದ್ದುತ್ತಿದ್ದುದರಿಂದ ಆ ಹೆಸರು. ಅಮೆರಿಕದವರು ಅದನ್ನು ಹಿಗ್ಗಿಸಿದರು. ಅಧ್ಯಕ್ಷರು ಒಂದೊಂದಾಗಿ ಟೋಸ್ಟ್‌ಗಳನ್ನು ಓದುತ್ತಾರೆ, ಪ್ರತಿಯೊಂದಕ್ಕೂ ಮೊದಲೇ ಗೊತ್ತುಮಾಡಿದ ಒಬ್ಬರು ಎದ್ದು ಉತ್ತರ ಕೊಡುತ್ತಾರೆ, ಆ ಉತ್ತರವೇ ಭಾಷಣ. ಇದಕ್ಕೆ ಕಿವಿ ಹದಮಾಡಿದ್ದು ಇನ್ನೊಂದು ವ್ಯವಸ್ಥೆ. 1826ರಲ್ಲಿ ಜೋಸೈಯ ಹೋಲ್‌ಬ್ರೂಕ್ ಎಂಬವರು ಮ್ಯಾಸಚೂಸೆಟ್ಸ್‌ನ ಮಿಲ್‌ಬರಿಯಲ್ಲಿ ಲೈಸಿಯಂ ಎಂಬ ಉಪನ್ಯಾಸ ಸಂಘವನ್ನು ಆರಂಭಿಸಿದರು, ಅದು ಊರೂರಿಗೆ ಹಬ್ಬಿತು. 1868ರಲ್ಲಿ ಜೇಮ್ಸ್ ರೆಡ್‌ಪಾತ್ ಬಾಸ್ಟನ್ನಿನಲ್ಲಿ ಭಾಷಣಕಾರರನ್ನು ಊರುಗಳಿಗೆ ಕಳುಹಿಸಿಕೊಡುವ ಕಚೇರಿಯನ್ನೇ ತೆರೆದರು. ರೈಲು ಹೋದಲ್ಲೆಲ್ಲ ಮಾತುಗಾರರೂ ಹೋದರು, ಮಾತಿನಿಂದ ಹೊಟ್ಟೆ ಹೊರೆಯುವುದು ಸಾಧ್ಯವಾಯಿತು. ನ್ಯೂಯಾರ್ಕಿನ ಡೆಲ್ಮಾನಿಕೊ ಹೋಟೆಲಿನಲ್ಲಿ ನಡೆಯುತ್ತಿದ್ದ ಔತಣಗಳನ್ನೂ, ರೈಲ್ವೆ ಕಂಪನಿಯ ಅಧ್ಯಕ್ಷರಾಗಿ ಮುಂದೆ ಸೆನೆಟರ್ ಆದ, ದೇಶದ ಎಲ್ಲ ಔತಣಗಳಿಗೂ ಬೇಕಾದ ಮಾತುಗಾರರೆನಿಸಿಕೊಂಡ ಚಾನ್ಸಿ ಡೆಪ್ಯೂ (1834–1928) ಅವರನ್ನೂ ಆಕೆ ಬೇಗ ದಾಟಿಸಿದರು. ಹಾಗೆ ದಾಟಿಸಿದ್ದು ಒಳ್ಳೆಯದೇ ಆಯಿತು, ಏಕೆಂದರೆ ಆ ರಾತ್ರಿಯ ಜೀವ ಇದ್ದದ್ದು ಹಾಸ್ಯ ಸಾಹಿತಿ ಮಾರ್ಕ್ ಟ್ವೇನ್ ಬಗ್ಗೆ ಹೇಳಿದ ಎರಡು ಪ್ರಸಂಗಗಳಲ್ಲಿ.

ಮೊದಲನೆಯದು 1879ರ ನವೆಂಬರ್ 13ರದ್ದು. ಚಿಕಾಗೊದ ಪಾಮರ್ ಹೌಸ್ ಹೋಟೆಲಿನಲ್ಲಿ ಅಂತರ್ಯುದ್ಧದಲ್ಲಿ ಹೋರಾಡಿದ ಟೆನೆಸ್ಸಿ ಸೇನೆಯ ಹಳೆಯ ಸೈನಿಕರ ಔತಣ. ಮುಖ್ಯ ಅತಿಥಿ ಆ ಯುದ್ಧವನ್ನು ಗೆದ್ದುಕೊಟ್ಟು, ನಂತರ ಎರಡು ಅವಧಿಗೆ ರಾಷ್ಟ್ರಾಧ್ಯಕ್ಷರಾಗಿದ್ದ ಜನರಲ್ ಯುಲಿಸಿಸ್ ಗ್ರಾಂಟ್. ಟ್ವೇನ್‌ಗೆ ಸಿಕ್ಕಿದ್ದು ಹದಿನೈದನೆಯ ಟೋಸ್ಟ್. ಅವರ ಸರದಿ ಬರುವಾಗ ನಡುರಾತ್ರಿ ಕಳೆದು ಬಹಳ ಹೊತ್ತಾಗಿತ್ತು. ಇಡೀ ಸಂಜೆ ತಮ್ಮನ್ನು ಹೊಗಳಿದ ಒಂದು ಮಾತಿಗೂ ಗ್ರಾಂಟ್ ಮುಖದ ಒಂದು ಗೆರೆಯನ್ನೂ ಅಲುಗಿಸದೆ ಕುಳಿತಿದ್ದರು. ವೀರರ, ದೇಶದ ಹೆಸರಿನಲ್ಲಿ ಗ್ಲಾಸು ಎತ್ತಿಯಾಗಿದ್ದ ಆ ಸಭೆಯಲ್ಲಿ ಟ್ವೇನ್ ಆರಿಸಿಕೊಂಡ ವಿಷಯ ಹಸುಗೂಸುಗಳು. ನಾವೆಲ್ಲರೂ ಸೇನಾಪತಿಗಳಾಗಿರಲಿಲ್ಲ, ಕವಿಗಳಾಗಿರಲಿಲ್ಲ, ಆದರೆ ಎಲ್ಲರೂ ಒಂದು ಕಾಲಕ್ಕೆ ಕೂಸುಗಳಾಗಿದ್ದೆವಲ್ಲ ಎಂಬಲ್ಲಿಂದ ಮಾತು ಹೊರಡುತ್ತದೆ. ಗುಂಡಿನ ಮಳೆಗೆ ಎದೆಯೊಡ್ಡಿದ ಗಂಡಸರು ಮನೆಯಲ್ಲಿ ಮಗು ಅತ್ತರೆ ಹೇಗೆ ಆಜ್ಞೆ ಪಾಲಿಸುತ್ತಾರೆ ಎಂದು ಅವರು ವರ್ಣಿಸಿದರು. ಕೊನೆಗೆ ದೇಶದಲ್ಲಿ ಈ ಹೊತ್ತು ತೂಗುತ್ತಿರುವ ತೊಟ್ಟಿಲುಗಳ ಬಳಿಗೆ ಕೇಳುಗರನ್ನು ಕರೆದೊಯ್ದರು: ಒಂದರಲ್ಲಿ ನಾಳಿನ ನೌಕಾಪತಿ, ಇನ್ನೊಂದರಲ್ಲಿ ನಾಳಿನ ಖಗೋಳ ವಿಜ್ಞಾನಿ, ಮತ್ತೊಂದರಲ್ಲಿ ನಾಳಿನ ಸರ್ವಸೇನಾಪತಿ, ಅವನು ತನ್ನ ಕಾಲಿನ ಹೆಬ್ಬೆರಳನ್ನು ಬಾಯಿಗೆ ತಂದುಕೊಳ್ಳುವುದು ಹೇಗೆಂದು ಹೆಣಗಾಡುತ್ತಿದ್ದಾನೆ, ಇಂದಿನ ನಮ್ಮ ಮುಖ್ಯ ಅತಿಥಿಗಳೂ ಐವತ್ತಾರು ವರ್ಷದ ಹಿಂದೆ ಇದೇ ಕೆಲಸಕ್ಕೆ ತಮ್ಮ ಪೂರ್ಣ ಗಮನವನ್ನು ಕೊಟ್ಟಿದ್ದರು.

ಇಷ್ಟು ಹೇಳಿ ಮನೆಯೊಡತಿ ನಿಂತುಬಿಟ್ಟರು. ನಮ್ಮ ಮೇಜಿನಲ್ಲಿ ಸಣ್ಣಗೆ ಎದ್ದಿದ್ದ ನಗು ತಾನಾಗಿ ಅಡಗಿತು. ದೇಶವೇ ತಲೆಬಾಗುವ ಸೇನಾಪತಿಯನ್ನು, ಅವರದೇ ಸೈನಿಕರ ಎದುರಿಗೆ, ಕಾಲಿನ ಬೆರಳು ಚೀಪುವ ಕೂಸಾಗಿ ತೋರಿಸಿ ಮಾತುಗಾರ ಸುಮ್ಮನಾಗಿದ್ದಾನೆ. ಹೊರಗೆ ಜೀರುಂಡೆಯ ಸದ್ದು ಕೇಳಿಸುವಷ್ಟು ಮೌನ. ಆಮೇಲೆ ಆಕೆ ಧ್ವನಿ ಏರಿಸದೆ ಮುಗಿಸಿದರು: ಬೆಳೆದ ಮನುಷ್ಯ ಹೇಗಿರುತ್ತಾನೆಂಬುದನ್ನು ಕೂಸಿನಲ್ಲೇ ಕಾಣಬಹುದಾದರೆ, ಅವರು ಆ ಕೆಲಸದಲ್ಲಿ ಗೆದ್ದರೆಂಬುದನ್ನು ಸಂಶಯಪಡುವವರು ಬಹಳ ಕಡಿಮೆ. ಚಿಕಾಗೊದಲ್ಲಿ ಗ್ರಾಂಟ್ ಕಣ್ಣಲ್ಲಿ ನೀರು ಬರುವಂತೆ ನಕ್ಕರೆಂದು ಟ್ವೇನ್ ಬರೆದಿದ್ದಾರೆ. ಕಕ್ಕಬ್ಬೆಯ ಮೇಜಿನಲ್ಲಿ ಮೊದಲು ನಕ್ಕವರು ನನ್ನ ಎದುರಿಗೆ ಕುಳಿತಿದ್ದ ಒಬ್ಬ ನಿವೃತ್ತ ಕರ್ನಲ್.

ಇದು ಕೇವಲ ಕಾಕತಾಳೀಯವಲ್ಲ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಹುಟ್ಟಿದ ಈ ನಾಡಿನಲ್ಲಿ ಸೈನ್ಯದ ಮೆಸ್ಸಿನ ಔತಣ ಎಂದರೇನೆಂದು ತಿಳಿದವರು ಒಂದೊಂದು ಊರಿನಲ್ಲೂ ಇದ್ದಾರೆ. ಹಿರಿಯ ಅಧಿಕಾರಿ ಏಳುವವರೆಗೆ ಯಾರೂ ಏಳುವ ಹಾಗಿಲ್ಲ, ಅವರ ಮುಖ ನೋಡಿಕೊಂಡೇ ಉಳಿದವರು ನಗಬೇಕು. ಮಾತು ಮುಗಿದ ಮೇಲೆ ಆ ಕರ್ನಲ್ ಮನೆಯೊಡತಿಗೆ, “ಅಕ್ಕಾ, ಜನರಲ್ ನಗದೆ ಇದ್ದರೆ ಆ ಹಾಲ್‌ನಲ್ಲಿ ಒಬ್ಬನೂ ನಗುತ್ತಿರಲಿಲ್ಲ, ಅದು ಆ ಮನುಷ್ಯನಿಗೆ ಗೊತ್ತಿತ್ತು,” ಎಂದರು. ಪುಸ್ತಕದಿಂದ ಸಿಗದ ಅರ್ಥ ಇದು. ಟ್ವೇನ್ ಪಣಕ್ಕಿಟ್ಟದ್ದು ಎಷ್ಟೆಂಬುದು ನನಗೆ ಸರಿಯಾಗಿ ತಿಳಿದದ್ದು ಆ ಮಾತಿನಿಂದಲೇ.

ಎರಡನೆಯ ಪ್ರಸಂಗ ಸೋಲಿನದು. 1877ರ ಡಿಸೆಂಬರ್ 17ರಂದು ಬಾಸ್ಟನ್ನಿನಲ್ಲಿ ಕವಿ ವಿಟ್ಟಿಯರ್ ಅವರ ಎಪ್ಪತ್ತನೆಯ ಹುಟ್ಟುಹಬ್ಬದ ಔತಣ ನಡೆಯಿತು. ಎಮರ್ಸನ್, ಲಾಂಗ್‌ಫೆಲೊ, ಹೋಮ್ಸ್ ಮೂವರೂ ಅಲ್ಲಿದ್ದರು. ಟ್ವೇನ್ ಎದ್ದು ಒಂದು ಕತೆ ಹೇಳಿದರು: ಕ್ಯಾಲಿಫೋರ್ನಿಯಾದ ಗುಡ್ಡಗಾಡಿನಲ್ಲಿ ಒಂಟಿಯಾಗಿರುವ ಗಣಿ ಕೆಲಸಗಾರನೊಬ್ಬನ ಗುಡಿಸಲಿಗೆ ಮೂವರು ಅಲೆಮಾರಿಗಳು ತಾವೇ ಈ ಮೂರು ಮಹಾಕವಿಗಳು ಎಂದು ಹೇಳಿಕೊಂಡು ಬಂದು, ಕುಡಿದು, ಇಸ್ಪೀಟಿನಲ್ಲಿ ಮೋಸಮಾಡಿ, ಅವನ ಬೂಟುಗಳನ್ನೂ ಹೊತ್ತುಕೊಂಡು ಹೋದರು. ಸಭೆ ತಣ್ಣಗಾಯಿತು. ಪತ್ರಿಕೆಗಳು ಖಂಡಿಸಿದವು. ಟ್ವೇನ್ ಮೂವರಿಗೂ ಕ್ಷಮೆ ಕೇಳಿ ಬರೆದರು, ಅವರ ಕಡೆಯಿಂದ ಮೃದುವಾದ ಉತ್ತರಗಳು ಬಂದವು.

ಅಮೆರಿಕದ ಈ ಕವಿಗಳ ಹೆಸರು ನಮ್ಮ ಮೇಜಿನಲ್ಲಿ ಹೆಚ್ಚಿನವರಿಗೆ ಹೆಸರು ಮಾತ್ರ. ಹಾಗಾಗಿ ಮನೆಯೊಡತಿ, ನಿಮ್ಮ ತೋಟದ ಕೆಲಸಗಾರರ ಲೈನ್‌ಮನೆಗೆ ರಾತ್ರಿ ಮೂವರು ಪುಂಡರು ಬಂದು ನಾನು ಕುವೆಂಪು, ನಾನು ಬೇಂದ್ರೆ, ನಾನು ಮಾಸ್ತಿ ಎಂದು ಹೇಳಿಕೊಂಡರೆಂದು ಭಾವಿಸಿ, ಆ ಮೂವರು ಹಿರಿಯರೂ ಈ ಕತೆಯನ್ನು ಇಲ್ಲೇ ಕುಳಿತು ಕೇಳುತ್ತಿದ್ದಾರೆಂದೂ ಭಾವಿಸಿ ಎಂದರು. ತಕ್ಷಣ ಮೇಜಿನಲ್ಲಿ ಒಂದು ಮುಜುಗರ ಹರಡಿತು. ನನ್ನ ಪಕ್ಕದಲ್ಲಿದ್ದ ಶಿಕ್ಷಕಿಯೊಬ್ಬರು ಕಾಫಿ ಲೋಟವನ್ನು ಕೆಳಗಿಟ್ಟು, “ಛೆ, ಅದು ಬೇಡಿತ್ತು,” ಎಂದೇ ಬಿಟ್ಟರು. ಬಾಸ್ಟನ್ನಿನ ಆ ರಾತ್ರಿಯನ್ನು ವಿವರಿಸಲು ಇದಕ್ಕಿಂತ ಉತ್ತಮವಾದ ದಾರಿ ನನಗೆ ಹೊಳೆಯುವುದಿಲ್ಲ. ಗ್ರಾಂಟ್ ಪ್ರಸಂಗದಲ್ಲಿ ಹಿರಿಯರನ್ನು ಕೆಳಗಿಳಿಸಿ ಮರುಕ್ಷಣವೇ ಮೇಲೆತ್ತುವ ವಾಕ್ಯವೊಂದು ಕಾದಿತ್ತು. ವಿಟ್ಟಿಯರ್ ಔತಣದ ಕತೆಯಲ್ಲಿ ಮೇಲೆತ್ತುವ ಆ ಕೈ ತಡವಾಗಿ, ದುರ್ಬಲವಾಗಿ ಬಂತು. ಆದರೆ ಹೇಳುವ ಕ್ರಮದಲ್ಲಿ ಮನೆಯೊಡತಿ ತಪ್ಪಿದರೆಂದು ನನ್ನ ಅಭಿಪ್ರಾಯ. ಸೋಲು ಮೊದಲಾದದ್ದು, ಗೆಲುವು ಎರಡು ವರ್ಷದ ನಂತರದ್ದು. ಅದೇ ಕ್ರಮದಲ್ಲಿ ಹೇಳಿದ್ದರೆ, ಬಾಸ್ಟನ್ನಿನಲ್ಲಿ ಕೈಸುಟ್ಟುಕೊಂಡವನು ಚಿಕಾಗೊದಲ್ಲಿ ಮತ್ತೆ ಅಂಥದ್ದೇ ಅಪಾಯಕ್ಕೆ ಕೈಹಾಕಿದ ಧೈರ್ಯ ನಮಗೆ ಕಾಣುತ್ತಿತ್ತು, ಸಂಜೆಯೂ ಮುಜುಗರದಲ್ಲಿ ಮುಗಿಯುತ್ತಿರಲಿಲ್ಲ.

ಫೆಬ್ರುವರಿಯ ಸಂಜೆ ಹೂಮಳೆ ಬಿದ್ದು ಕೆಲವೇ ದಿನವಾಗಿತ್ತು, ತೋಟದ ತುಂಬ ಕಾಫಿ ಹೂವಿನ ವಾಸನೆ. ಅಂದಿನ ವಿಷಯ ಟ್ವೇನ್‌ಗೆ ದಾರಿ ಮಾಡಿಕೊಟ್ಟ ಆರ್ಟಿಮಸ್ ವಾರ್ಡ್. ಅದು ಚಾರ್ಲ್ಸ್ ಫೆರಾರ್ ಬ್ರೌನ್ (1834–1867) ಎಂಬ ಪತ್ರಕರ್ತ ಇಟ್ಟುಕೊಂಡಿದ್ದ ಹೆಸರು. ವೇದಿಕೆಯ ಮೇಲೆ ಈತ ಅತ್ಯಂತ ಗಂಭೀರವಾಗಿ, ತುಸು ದುಃಖದಲ್ಲಿರುವವನಂತೆ ನಿಂತು ಮಾತನಾಡುತ್ತಿದ್ದ. ಜನರು ನಕ್ಕರೆ ಯಾಕೆ ನಗುತ್ತಿದ್ದಾರೆಂದು ತಿಳಿಯದವನಂತೆ ಅವರನ್ನು ನೋಡುತ್ತಿದ್ದ. ಉಪನ್ಯಾಸಕ್ಕೆ ಒಂದು ಶೀರ್ಷಿಕೆ ಕೊಟ್ಟು, ಆ ವಿಷಯಕ್ಕೆ ಕೊನೆಯವರೆಗೂ ಬಾರದೆ ಮುಗಿಸುತ್ತಿದ್ದ. 1862ರ ಸೆಪ್ಟೆಂಬರ್ 22ರಂದು ಲಿಂಕನ್ ತಮ್ಮ ಸಚಿವರನ್ನು ಕರೆದು, ಗುಲಾಮರ ವಿಮೋಚನೆಯ ಘೋಷಣೆಯನ್ನು ಅವರ ಮುಂದಿಡುವ ಮೊದಲು ವಾರ್ಡ್‌ನ ಒಂದು ನಗೆಬರಹವನ್ನು ಓದಿ ಹೇಳಿದರು. ಅಷ್ಟು ಭಾರದ ಕೆಲಸಕ್ಕೆ ಕೈಹಾಕುವ ಮುನ್ನ ಆ ಮನುಷ್ಯನಿಗೆ ನಗು ಬೇಕಾಗಿತ್ತು. ಇದನ್ನು ಹೇಳುವಾಗ ಮನೆಯೊಡತಿಯ ಧ್ವನಿ ತುಸು ನಡುಗಿತು, ನನ್ನ ಕಣ್ಣೂ ತೇವವಾಯಿತು.

ಟ್ವೇನ್ ಹೇಳುವುದನ್ನು ಕಲಿತದ್ದು ಬಹುಪಾಲು ವಾರ್ಡ್‌ನ ವಿಧಾನವನ್ನು ಗಮನಿಸಿ. ಹಾಸ್ಯದ ಕತೆಯ ಶಕ್ತಿ ಅದರ ವಿಷಯದಲ್ಲಿಲ್ಲ, ಹೇಳುವ ರೀತಿಯಲ್ಲಿದೆ; ಹೇಳುವವನು ಅದರಲ್ಲಿ ನಗುವಂಥದ್ದೇನೋ ಇದೆಯೆಂದು ತನಗೆ ಗೊತ್ತೇ ಇಲ್ಲವೆಂಬಂತೆ ಇರಬೇಕು ಎಂದು ಟ್ವೇನ್ 1895ರಲ್ಲಿ ಬರೆದರು. ಮಾತಿನ ನಡುವಿನ ಮೌನಕ್ಕೆ ಅವರು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಟ್ಟರು: ಅದು ಕೂದಲೆಳೆಯಷ್ಟು ಚಿಕ್ಕದಾದರೂ ಕೆಟ್ಟಿತು, ದೊಡ್ಡದಾದರೂ ಕೆಟ್ಟಿತು. ಆ ಕ್ಷಣಕ್ಕೆ ಹೊಳೆದಂತೆ ಕೇಳಿಸುತ್ತಿದ್ದ ಅವರ ಔತಣದ ಭಾಷಣಗಳು ಮುಂಚಿತವಾಗಿ ಬರೆದು, ಬಾಯಿಪಾಠ ಮಾಡಿದವು. ನಮ್ಮಲ್ಲಿ ವೇದಿಕೆ ಏರಿ ತಮ್ಮ ಚಟಾಕಿಗೆ ತಾವೇ ಮೊದಲು ನಗುವವರು ಈ ಮಾತನ್ನು ಒಮ್ಮೆ ಯೋಚಿಸಬೇಕೆಂದು ನನ್ನ ಕಳಕಳಿಯ ವಿನಂತಿ.

ಈ ಎರಡನೆಯ ಸಂಜೆಯಲ್ಲಿ ಕೊರತೆಗಳೂ ಇದ್ದವು. ವಾರ್ಡ್, ಜಾಷ್ ಬಿಲ್ಲಿಂಗ್ಸ್ ಮೊದಲಾದವರ ಬರಹದ ಹಾಸ್ಯ ಬಹುಮಟ್ಟಿಗೆ ಕಾಗುಣಿತವನ್ನು ಬೇಕೆಂದೇ ತಪ್ಪಾಗಿ ಬರೆಯುವುದರಲ್ಲಿದೆ. ಅದನ್ನು ಕಣ್ಣಿಂದ ನೋಡಬೇಕೇ ಹೊರತು ಕಿವಿಯಿಂದ ಕೇಳಿದರೆ ಏನೂ ದಕ್ಕುವುದಿಲ್ಲ, ಕನ್ನಡಕ್ಕೆ ತಿರುಗಿಸಿದರೆ ಇದ್ದದ್ದೂ ಹೋಗುತ್ತದೆ. ಇದಕ್ಕಾಗಿ ಕಳೆದ ಹತ್ತು ನಿಮಿಷ ವ್ಯರ್ಥ. ಓಕ್ಲಹೋಮದ ಚೆರೋಕಿ ವಂಶದ ವಿಲ್ ರೋಜರ್ಸ್ (1879–1935) ಅವರಿಗೆ ಸಿಕ್ಕಿದ್ದು ಎರಡೇ ವಾಕ್ಯ, ಅವರಿಗೆ ಒಂದು ಪೂರ್ತಿ ಸಂಜೆ ಸಲ್ಲಬೇಕಿತ್ತು.

ಆದರೆ ಸ್ತ್ರೀಯರ ವಿಷಯಕ್ಕೆ ಬಂದಾಗ ಮಾತಿಗೆ ಮತ್ತೆ ಕಳೆ ಬಂತು. ಆ ಕಾಲದ ದೊಡ್ಡ ಔತಣಗಳು ಗಂಡಸರವು. 1868ರಲ್ಲಿ ನ್ಯೂಯಾರ್ಕಿನ ಪತ್ರಕರ್ತರು ಡೆಲ್ಮಾನಿಕೊದಲ್ಲಿ ಚಾರ್ಲ್ಸ್ ಡಿಕನ್ಸ್‌ಗೆ ಔತಣ ಏರ್ಪಡಿಸಿದಾಗ ಪತ್ರಕರ್ತೆಯರನ್ನು ಸೇರಿಸಿಕೊಳ್ಳದೆ ಅವಮಾನಿಸಿದರು. ಅದರಿಂದ ನೊಂದ ಜೇನ್ ಕನ್ನಿಂಗ್‌ಹ್ಯಾಮ್ ಕ್ರೋಲಿ ‘ಸೊರೋಸಿಸ್’ ಎಂಬ ಸ್ತ್ರೀಯರ ಕೂಟವನ್ನು ಕಟ್ಟಿದರು, ಅದು ಅದೇ ಡೆಲ್ಮಾನಿಕೊದಲ್ಲಿ ಸೇರತೊಡಗಿತು. ಶ್ವೇತಭವನದ ವರದಿಗಾರರ ವಾರ್ಷಿಕ ಔತಣ 1921ರಲ್ಲಿ ಆರಂಭವಾದರೂ ಅಲ್ಲಿ ಪತ್ರಕರ್ತೆಯರಿಗೆ ಜಾಗ ಸಿಕ್ಕಿದ್ದು 1962ರಲ್ಲಿ. 1885ರಲ್ಲಿ ವಾಷಿಂಗ್ಟನ್ನಿನಲ್ಲಿ ಹುಟ್ಟಿದ ಗ್ರಿಡೈರನ್ ಕ್ಲಬ್ಬು ಎಂಬ ಪತ್ರಕರ್ತರ ಕೂಟ ಮಹಿಳೆಯೊಬ್ಬರನ್ನು ಸದಸ್ಯೆಯಾಗಿ ಸೇರಿಸಿಕೊಂಡದ್ದು 1975ರಲ್ಲಿ. ಇವನ್ನೆಲ್ಲ ಹೇಳುತ್ತಿದ್ದವರು ಮೇಜಿನ ತಲೆಯಲ್ಲಿ ನಿಂತ ಮಹಿಳೆ, ಅವರಿಗೆ ಕಾಫಿ ತಂದುಕೊಟ್ಟು ಮೂಲೆಯ ಕುರ್ಚಿಯಲ್ಲಿ ಕುಳಿತು ಕೇಳುತ್ತಿದ್ದವರು, ಆ ದಿನದ ಅಡುಗೆ ಮಾಡಿದವರು, ಅವರ ಪತಿ. ಇದನ್ನು ಯಾರೂ ಎತ್ತಿ ಆಡಲಿಲ್ಲ, ಆಡಬೇಕಾದ ಅಗತ್ಯವೂ ಇರಲಿಲ್ಲ.

ನನ್ನ ದೊಡ್ಡ ದೂರು ಒಂದೇ: ಎರಡು ಸಂಜೆಯಲ್ಲೂ ನಮ್ಮ ಕಡೆಯ ಮಾತೇ ಬರಲಿಲ್ಲ. ಮೈಸೂರು ಸೀಮೆಯ, ಕರಾವಳಿಯ ಹಲವು ಮನೆಗಳಲ್ಲಿ ಊಟದ ಪಂಕ್ತಿಯಲ್ಲೇ ಒಬ್ಬರಾದ ಮೇಲೊಬ್ಬರು ಶ್ಲೋಕ, ಪದ್ಯ ಹೇಳುವ ವಾಡಿಕೆಯಿದೆ. ಕೊಡಗಿನಲ್ಲಿ ಸುಗ್ಗಿಯ ಹಬ್ಬವಾದ ಪುತ್ತರಿಗೆ ದುಡಿ ಹಿಡಿದು ಮನೆಮನೆಯಲ್ಲಿ ಹಾಡುವ ಬಾಳೋಪಾಟ್ ಇದೆ. ಅತಿಥೇಯರನ್ನು ಹೊಗಳಿ ಹರಸುವ ಕಲೆಯಲ್ಲಿ ಅದು ಯಾವ ಟೋಸ್ಟಿಗೂ ಕಡಿಮೆಯಿಲ್ಲ. ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ ರಾಲ್ಫ್ ಸ್ಮೆಡ್ಲಿ ಭಾಷಣ ಕಲಿಸುವ ಟೋಸ್ಟ್‌ಮಾಸ್ಟರ್ಸ್ ಕೂಟವನ್ನು ಆರಂಭಿಸಿದ 1924ನೆಯ ಇಸವಿಯಲ್ಲೇ ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿದ ಕೊಡವರ ಹಾಡುಗಳ ‘ಪಟ್ಟೋಲೆ ಪಳಮೆ’ ಅಚ್ಚಾಯಿತು. ಕನ್ನಡದಲ್ಲಿ 1942ರಿಂದ 1967ರವರೆಗೆ ‘ಕೊರವಂಜಿ’ ಹಾಸ್ಯ ಮಾಸಪತ್ರಿಕೆ ನಡೆಯಿತು. ಇಷ್ಟೆಲ್ಲ ಮನೆಯಂಗಳದಲ್ಲೇ ಇರುವಾಗ ಒಂದು ಹೋಲಿಕೆಯಾದರೂ ಬೇಡವೇ? ಹೊರಡುವಾಗ ಇದನ್ನು ಮನೆಯೊಡತಿಗೇ ಹೇಳಿದೆ. ಅವರು ಬೇಸರಪಡದೆ ಒಂದು ಚೀಟಿಯಲ್ಲಿ ಬರೆದುಕೊಂಡರು.

ಹೋಗುವವರು ಗಮನಿಸಬೇಕಾದ ಕೆಲವು ವಿಷಯಗಳಿವೆ. ಕೊನೆಯ ಒಂದು ಮೈಲಿ ಮಣ್ಣಿನ ರಸ್ತೆ, ಚಿಕ್ಕ ಕಾರು ನಿಧಾನವಾಗಿ ಹೋಗಬಹುದು. ರಾತ್ರಿ ಆನೆ ದಾರಿಗೆ ಬರುವ ಪ್ರದೇಶವಾದ್ದರಿಂದ ಒಂಟಿಯಾಗಿ ಹಿಂತಿರುಗದೆ, ಮನೆಯವರು ಹೇಳಿದಂತೆ ಎಲ್ಲ ವಾಹನಗಳೂ ಒಟ್ಟಿಗೆ ಹೊರಡುವುದು ಕ್ಷೇಮ. ಉಳಿದುಕೊಳ್ಳಲು ಕೋಣೆಗಳಿಲ್ಲ. ಧ್ವನಿವರ್ಧಕ ಇಲ್ಲದಿರುವುದು ನನಗೆ ಇಷ್ಟವಾಯಿತು, ಆದರೆ ಕಿವಿ ಮಂದವಾದವರು ಮೇಜಿನ ತಲೆಯ ಕಡೆಯ ಕುರ್ಚಿಯನ್ನು ಮೊದಲೇ ಕೇಳಿ ಪಡೆಯಬೇಕು. ಫೆಬ್ರುವರಿಯಲ್ಲಿ ಬಾಗಿಲ ಪಕ್ಕ ಕುಳಿತಿದ್ದವರಿಗೆ ಅರ್ಧ ಮಾತು ತಪ್ಪಿಹೋಯಿತು. ಗ್ಲಾಸು ಎತ್ತುವ ಶಾಸ್ತ್ರವನ್ನು ಕಿತ್ತಳೆ ರಸದಲ್ಲಿ ಮಾಡಿಸುತ್ತಾರೆ. ಹಣವನ್ನು ಮುಂಗಡವಾಗಿ ಕೊಡಬೇಕು. ಬರಲಾಗದಿದ್ದರೆ ಮುಂದಿನ ತಿಂಗಳಿಗೆ ಹಾಕಿಕೊಳ್ಳುತ್ತಾರೆ.

ಮಾರ್ಚಿನ ವಿಷಯ ಟ್ವೇನ್ ಅವರ ಭಾರತ ಪ್ರವಾಸ. 1894ರಲ್ಲಿ ದಿವಾಳಿಯಾದ ಅವರು ಸಾಲ ತೀರಿಸಲೆಂದು ಜಗತ್ತನ್ನು ಸುತ್ತುತ್ತ ಭಾಷಣ ಮಾಡುತ್ತ 1896ರ ಜನವರಿಯಲ್ಲಿ ಮುಂಬಯಿಗೆ ಬಂದಿಳಿದು, ಕಾಶಿ, ಕಲ್ಕತ್ತ, ಡಾರ್ಜಿಲಿಂಗ್ ಕಡೆಗೆಲ್ಲ ಹೋದರು. 1898ರ ಹೊತ್ತಿಗೆ ಸಾಲವನ್ನು ಪೂರ್ತಿಯಾಗಿ ತೀರಿಸಿದರು. ಆ ಸಂಜೆಗೆ ನಾನು ಎರಡು ಕುರ್ಚಿಗಳನ್ನು ಕಾಯ್ದಿರಿಸಿದ್ದೇನೆ. ಇನ್ನೊಂದು ನನ್ನ ಚಿಕ್ಕಪ್ಪನಿಗೆ. ಸುಬೇದಾರರಾಗಿ ನಿವೃತ್ತರಾದ ಅವರಿಗೆ ಗ್ರಾಂಟ್ ಔತಣದ ಕತೆಯನ್ನು ನಾನು ವಿರಾಜಪೇಟೆಯ ಅವರ ಮನೆಯ ಜಗಲಿಯಲ್ಲಿ ಕುಳಿತು ಹೇಳಿದೆ. ಕೊನೆಯವರೆಗೂ ಕೇಳಿ, “ಕತೆ ಚೆನ್ನಾಗಿದೆ ಮಗಾ, ಆದರೆ ಆ ಹೆಬ್ಬೆರಳಿನ ಮಾತಾದ ಮೇಲೆ ನೀನು ನಿಲ್ಲಲೇ ಇಲ್ಲ. ಆ ಅಮ್ಮ ಎಷ್ಟು ಹೊತ್ತು ನಿಂತರು?” ಎಂದು ಕೇಳಿದರು.